ಮಗುವಿನ ಫೋಟೋ ಹಿಡಿದು ಯಾರೋ ಹೆದರಿಸುತ್ತಿದ್ದಾರೆ: ಆ ರಾತ್ರಿಯಿಂದ ಮುಂದೆ ಏನೇನು ಮಾಡಬೇಕು

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಇದ್ದಾನೆ ಅಂದುಕೊಳ್ಳಿ. ಇನ್‌ಸ್ಟಾಗ್ರಾಮ್‌ನಲ್ಲಿ ಅವನದೇ ವಯಸ್ಸಿನ ಹುಡುಗಿಯ ಹೆಸರಿನ ಐಡಿಯಿಂದ ರಿಕ್ವೆಸ್ಟ್ ಬರುತ್ತದೆ. ನಾಲ್ಕು ದಿನ ಹರಟೆ. ಐದನೇ ದಿನ ವಿಡಿಯೋ ಕಾಲ್. ಆ ಕಡೆ ಇರುವುದು ಹುಡುಗಿಯೇ ಅಲ್ಲ, ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೋ. ಹುಡುಗನನ್ನು ಮರುಳು ಮಾಡಿ, ಅವನನ್ನು ರೆಕಾರ್ಡ್ ಮಾಡಿಕೊಂಡು ಕಾಲ್ ಕಟ್ ಮಾಡುತ್ತಾರೆ. ಆಮೇಲೆ ಅವನದೇ ಚಿತ್ರ ಅವನಿಗೆ ಬರುತ್ತದೆ. ಜೊತೆಗೆ ಅಕ್ಕ, ಮಾವ, ಟೀಚರ್ ಎಲ್ಲರ ಐಡಿಗಳ ಪಟ್ಟಿ. "ಐದು ಸಾವಿರ ಕಳಿಸು. ಇಲ್ಲಾಂದ್ರೆ ಹತ್ತು ನಿಮಿಷದಲ್ಲಿ ಎಲ್ಲರಿಗೂ ಹೋಗುತ್ತೆ."

ಆ ಹತ್ತು ನಿಮಿಷದಲ್ಲಿ ಅವನು ಯಾರ ಹತ್ತಿರ ಹೋಗುತ್ತಾನೆ? ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮ ಇದ್ದಾರೆ. ಆದರೆ ಅವನ ತಲೆಯಲ್ಲಿ ಓಡುವುದು ಒಂದೇ ಮಾತು: "ಅಪ್ಪನಿಗೆ ಗೊತ್ತಾದರೆ ಕೊಂದೇ ಬಿಡ್ತಾರೆ." ಹೆದರಿಸುವವನಿಗೆ ಬೇಕಾಗಿರುವುದೂ ಅದೇ. ಅವನ ಕೈಯಲ್ಲಿರುವ ಫೋಟೋಗಿಂತ ಮಗುವಿನ ಈ ಭಯವೇ ಅವನ ನಿಜವಾದ ಬಂಡವಾಳ. ಹಾಗಾಗಿ ಈ ಮಾರ್ಗದರ್ಶಿಯ ಮೊದಲ ಹೆಜ್ಜೆ ಪೊಲೀಸರದ್ದಲ್ಲ, ಆ್ಯಪಿನದ್ದೂ ಅಲ್ಲ. ಅದು ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯ.

ಮೊದಲ ಹತ್ತು ನಿಮಿಷ

ಮಗು ಹೇಳಿತು. ಅಥವಾ ನೀವೇ ಫೋನಿನಲ್ಲಿ ನೋಡಿಬಿಟ್ಟಿರಿ. ನಿಮ್ಮ ಎದೆ ಹೊಡೆದುಕೊಳ್ಳುತ್ತದೆ, ಕೋಪ ಬರುತ್ತದೆ, ಅಳು ಬರುತ್ತದೆ. ಎಲ್ಲವೂ ಸಹಜ. ಆದರೆ ಈಗ ಅದನ್ನು ಮಗುವಿನ ಮುಂದೆ ಹಾಕಬೇಡಿ. ಒಂದು ಲೋಟ ನೀರು ಕುಡಿದು ಪಕ್ಕದಲ್ಲಿ ಕುಳಿತುಕೊಳ್ಳಿ. ಆಮೇಲೆ ಇಷ್ಟು ಹೇಳಿ:

"ನನಗೆ ಹೇಳಿದ್ದು ತುಂಬಾ ಒಳ್ಳೇದಾಯ್ತು ಮಗಾ. ಇದು ನಿನ್ನ ತಪ್ಪಲ್ಲ. ತಪ್ಪು ಮಾಡಿದ್ದು ಅವನು. ಇನ್ಮೇಲೆ ಇದನ್ನ ನಾವು ನೋಡ್ಕೋತೀವಿ, ನೀನೊಬ್ಬನೇ ಇಲ್ಲ."

ಈ ಮಾತು ಸುಮ್ನೆ ಸಮಾಧಾನಕ್ಕೆ ಹೇಳುವುದಲ್ಲ. ಕಾನೂನಿನ ಪ್ರಕಾರವೂ ಇದೇ ನಿಜ. 2012ರ ಪೋಕ್ಸೊ ಕಾಯ್ದೆಯಲ್ಲಿ 18 ವರ್ಷದೊಳಗಿನ ಎಲ್ಲರೂ ಮಕ್ಕಳೇ, ಹುಡುಗನಾಗಲಿ ಹುಡುಗಿಯಾಗಲಿ. "ಅವಳೇ ಕಳಿಸಿದಳಲ್ಲ", "ಅವನೇ ಒಪ್ಪಿದನಲ್ಲ" ಅನ್ನುವುದು ಅಪರಾಧಿಯನ್ನು ಉಳಿಸುವುದಿಲ್ಲ. ಮಗುವಿನ ಒಪ್ಪಿಗೆಯನ್ನು ಕಾನೂನು ಒಪ್ಪಿಗೆ ಅಂತ ಎಣಿಸುವುದೇ ಇಲ್ಲ.

ಹೇಳಬಾರದ ಮಾತುಗಳೂ ಇವೆ. "ಯಾಕೆ ಕಳಿಸಿದೆ?" "ಎಷ್ಟು ಸಲ ಹೇಳಿದ್ದೆ ಫೋನ್ ಬೇಡ ಅಂತ?" "ನಮ್ಮ ಮಾನ ಮರ್ಯಾದೆ ಏನಾಗಬೇಕು?" ಈ ಮೂರರಲ್ಲಿ ಯಾವುದನ್ನು ಆಡಿದರೂ ಮಗು ಉಳಿದದ್ದನ್ನು ನುಂಗಿಕೊಳ್ಳುತ್ತದೆ. ಮೊದಲ ದಿನ ಯಾವ ಮಗುವೂ ಪೂರ್ತಿ ಕಥೆ ಹೇಳುವುದಿಲ್ಲ. ತುಣುಕು ತುಣುಕಾಗಿ ಬರುತ್ತದೆ. "ಆಮೇಲೆ ಏನಾಯ್ತು?" ಅಂತ ಮೆಲ್ಲಗೆ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಪೊಲೀಸರಂತೆ ವಿಚಾರಣೆ ಮಾಡಬೇಡಿ. ಮನೆಯಲ್ಲಿ ಒಬ್ಬರು ಕೇಳಿದರೆ ಸಾಕು. ಅಪ್ಪನಿಗೊಮ್ಮೆ, ದೊಡ್ಡಪ್ಪನಿಗೊಮ್ಮೆ, ಅಜ್ಜಿಗೊಮ್ಮೆ ಮಗು ಅದೇ ಕಥೆ ಹೇಳುವಂತೆ ಮಾಡಬೇಡಿ.

ಒಂದು ಪ್ರಶ್ನೆಯನ್ನು ಮಾತ್ರ ನೇರವಾಗಿ ಕೇಳಲೇಬೇಕು. "ಬದುಕೋದೇ ಬೇಡ ಅನಿಸ್ತಿದೆಯಾ?" ಕೇಳಿದರೆ ಮಗುವಿನ ತಲೆಗೆ ಆ ಯೋಚನೆ ನಾವೇ ಹಾಕಿದಂತಾಗುತ್ತದೆ ಅಂತ ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಮಗುವಿಗೆ ಹಗುರವಾಗುತ್ತದೆ. ಹೌದು ಅಂದರೆ, ಅಥವಾ ಏನೂ ಹೇಳದೆ ಮುಖ ತಿರುಗಿಸಿದರೆ, ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಪಕ್ಕದಲ್ಲೇ ಮಲಗಿ. ಮಾತ್ರೆ, ಕೀಟನಾಶಕ, ಹಗ್ಗ ಇಂಥವು ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಪ್ರಾಣಕ್ಕೆ ಅಪಾಯ ಅನಿಸಿದರೆ 112.

ದುಡ್ಡು ಕಳಿಸಬೇಡಿ, ಡಿಲೀಟ್ ಮಾಡಬೇಡಿ

ಮನೆಯವರಿಗೆ ವಿಷಯ ಗೊತ್ತಾದ ಕೂಡಲೇ ಎರಡು ತಪ್ಪು ನಡೆಯುತ್ತವೆ. ಎರಡೂ ಮಗುವನ್ನು ಉಳಿಸುವ ಅವಸರದಲ್ಲೇ ಆಗುವಂಥವು.

ಮೊದಲನೆಯದು, "ಐದು ಸಾವಿರ ತಾನೇ, ಕೊಟ್ಟು ಮುಗಿಸೋಣ." ಅದು ಮುಗಿಯುವುದಿಲ್ಲ. ಕೊಟ್ಟವರು ಮತ್ತೆ ಕೊಡುತ್ತಾರೆ ಅಂತ ಅವನಿಗೆ ಗೊತ್ತಾಗುತ್ತದೆ. ನಾಳೆ ಹತ್ತು ಕೇಳುತ್ತಾನೆ. ಮಗು ಈಗಾಗಲೇ ಯುಪಿಐ ಮೂಲಕ ದುಡ್ಡು ಕಳಿಸಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಆನ್‌ಲೈನ್ ಹಣದ ವಂಚನೆಗೇ ಇರುವ ಸಹಾಯವಾಣಿ. ಬೇಗ ಹೇಳಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಸುವ ಸಾಧ್ಯತೆ ಜಾಸ್ತಿ.

ಎರಡನೆಯದು, ಗಾಬರಿಯಲ್ಲಿ ಚಾಟ್ ಅಳಿಸುವುದು, ಅಕೌಂಟ್ ಮುಚ್ಚುವುದು, ಫೋನ್ ರೀಸೆಟ್ ಮಾಡುವುದು. ಅದರ ಜೊತೆ ಸಾಕ್ಷಿಯೂ ಹೋಗುತ್ತದೆ. ಬ್ಲಾಕ್ ಮಾಡುವ ಮೊದಲು ಹತ್ತು ನಿಮಿಷ ಕೂತು ಇವನ್ನು ಉಳಿಸಿಕೊಳ್ಳಿ:

- ಬೆದರಿಕೆ ಹಾಕಿದ ಚಾಟ್, ದಿನಾಂಕ ಮತ್ತು ಸಮಯ ಕಾಣುವ ಹಾಗೆ
- ಅವನ ಪ್ರೊಫೈಲ್‌ನ ಪೂರ್ತಿ ಲಿಂಕ್ ಮತ್ತು ಯೂಸರ್‌ನೇಮ್. ಬರೀ ಹೆಸರು, ಡಿಪಿ ಸಾಲದು, ಅವನ್ನು ನಿಮಿಷದಲ್ಲಿ ಬದಲಾಯಿಸುತ್ತಾರೆ
- ಫೋನ್ ನಂಬರ್, ಯುಪಿಐ ಐಡಿ, ಕ್ಯೂಆರ್ ಕೋಡ್, ಬ್ಯಾಂಕ್ ಖಾತೆ, ದುಡ್ಡು ಹೋಗಿದ್ದರೆ ಆ ವಹಿವಾಟಿನ ನಂಬರ್
- ಮೊದಲು ಎಲ್ಲಿ ಪರಿಚಯವಾಯಿತು, ಯಾವ ಗೇಮ್, ಯಾವ ಗ್ರೂಪ್ ಅನ್ನುವ ಒಂದು ಚಿಕ್ಕ ಟಿಪ್ಪಣಿ

ಟೆಲಿಗ್ರಾಮ್‌ನಲ್ಲಿ ಆ ಕಡೆಯವನು ಇಡೀ ಚಾಟನ್ನು ಎರಡೂ ಕಡೆಯಿಂದ ಅಳಿಸಬಹುದು. ಹಾಗಾಗಿ ಅಲ್ಲಿ ತಡ ಮಾಡಬೇಡಿ. ಸ್ನ್ಯಾಪ್‌ಚಾಟ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಅವನಿಗೆ ಗೊತ್ತಾಗುತ್ತದೆ. ಅಂಥ ಕಡೆ ಇನ್ನೊಂದು ಫೋನಿನಿಂದ ಪರದೆಯ ಫೋಟೋ ತೆಗೆಯುವುದು ವಾಸಿ.

ಇಲ್ಲೊಂದು ಬಹಳ ಮುಖ್ಯವಾದ ಎಚ್ಚರಿಕೆ. ಮಗುವಿನ ನಗ್ನ ಚಿತ್ರವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. "ಸಾಕ್ಷಿಗೆ ಇರಲಿ" ಅಂತ ತಮ್ಮನಿಗೆ, ವಕೀಲರಿಗೆ, ಶಾಲೆಯ ಹೆಡ್‌ಮಾಸ್ಟರಿಗೆ ವಾಟ್ಸ್ಯಾಪ್ ಮಾಡಬೇಡಿ. ನಿಮ್ಮ ಫೋನಿಗೂ ಕಾಪಿ ಮಾಡಿಕೊಳ್ಳಬೇಡಿ. ಅದು ಎಲ್ಲಿದೆಯೋ ಅಲ್ಲೇ, ಮಗುವಿನ ಫೋನಿನಲ್ಲೇ ಇರಲಿ. ಇಂಥ ಚಿತ್ರವನ್ನು ಹಂಚುವುದು ಪೋಕ್ಸೊ ಕಾಯ್ದೆಯ 15ನೇ ಸೆಕ್ಷನ್ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಅಡಿ ಅಪರಾಧ. 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದನ್ನು ಇನ್ನಷ್ಟು ಬಿಗಿ ಮಾಡಿತು. ಮಕ್ಕಳ ಇಂಥ ಚಿತ್ರಗಳನ್ನು ಇಟ್ಟುಕೊಳ್ಳುವುದು, ನೋಡುವುದು ಕೂಡ ಕಾನೂನಿನ ಹಿಡಿತಕ್ಕೆ ಬರುತ್ತದೆ ಅಂತ ಹೇಳಿತು. "ಚೈಲ್ಡ್ ಪೋರ್ನೋಗ್ರಫಿ" ಅನ್ನುವ ಪದವನ್ನೇ ನ್ಯಾಯಾಲಯಗಳು ಬಳಸಬಾರದು, ಇದು ಮಕ್ಕಳ ಮೇಲಿನ ಶೋಷಣೆಯ ಚಿತ್ರ ಅಂತಲೇ ಕರೆಯಬೇಕು ಅಂತಲೂ ಹೇಳಿತು. ನನಗೆ ಆ ಮಾತು ತುಂಬಾ ದೊಡ್ಡದು ಅನಿಸುತ್ತದೆ. ಆ ಚಿತ್ರದಲ್ಲಿ ಇರುವುದು ನೊಂದ ಒಂದು ಮಗು. ಆ ಚಿತ್ರ ಕೈ ಬದಲಾದಾಗಲೆಲ್ಲ ಆ ಮಗುವಿಗೆ ಮತ್ತೆ ಗಾಯವಾಗುತ್ತದೆ.

ಸಾಕ್ಷಿ ಉಳಿಸಿದ ಮೇಲೆ ಅವನಿಗೆ ಉತ್ತರ ಕೊಡುವುದನ್ನು ನಿಲ್ಲಿಸಿ. ಬೈಯಬೇಡಿ, ಬೇಡಿಕೊಳ್ಳಬೇಡಿ, "ಪೊಲೀಸರಿಗೆ ಹೇಳ್ತೀವಿ" ಅಂತ ಹೆದರಿಸಲೂ ಬೇಡಿ. ಆ್ಯಪಿನಲ್ಲಿ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ.

ಇದಾದ ಒಂದೆರಡು ದಿನದಲ್ಲಿ ಇನ್ನೊಂದು ಕರೆ ಬರಬಹುದು. "ನಾನು ಸಿಬಿಐ ಆಫೀಸರ್, ನಿಮ್ಮ ಮಗನ ವಿಡಿಯೋ ಯೂಟ್ಯೂಬಿಗೆ ಬಂದಿದೆ, ತೆಗೆಸೋಕೆ ಫೀಸು ಕಟ್ಟಿ." ಅದು ಅದೇ ಗ್ಯಾಂಗಿನ ಎರಡನೇ ಬಲೆ. ದುಡ್ಡು ಕೊಟ್ಟರೆ ವಿಡಿಯೋ ಅಳಿಸಿಕೊಡುತ್ತೇವೆ ಅನ್ನುವ "ಹ್ಯಾಕರ್"ಗಳದ್ದೂ ಅದೇ ಕಥೆ. ಯಾವ ಪೊಲೀಸರೂ ಇದಕ್ಕೆ ಫೀಸು ಕೇಳುವುದಿಲ್ಲ.

ಚಿತ್ರ ಹರಡದಂತೆ ತಡೆಯುವುದು

ಮಗು ಕೇಳುವ ಮೊದಲ ಪ್ರಶ್ನೆ ಇದೇ: "ಅದನ್ನ ತೆಗೆಸೋಕಾಗುತ್ತಾ?" ಪೂರ್ತಿ ಅಂತ ಯಾರೂ ಮಾತು ಕೊಡಲಾರರು. ಆದರೆ ಮಾಡಬಹುದಾದದ್ದು ಬಹಳಷ್ಟಿದೆ.

ಕಾಣೆಯಾದ, ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆ 2023ರಿಂದ "ಟೇಕ್ ಇಟ್ ಡೌನ್" ಅನ್ನುವ ಉಚಿತ ಸೇವೆ ನಡೆಸುತ್ತಿದೆ. ಜಗತ್ತಿನ ಯಾವ ದೇಶದವರೂ ಬಳಸಬಹುದು, ಹೆಸರು ಕೊಡಬೇಕಾಗಿಲ್ಲ. ಇದು ಕೆಲಸ ಮಾಡುವ ರೀತಿಯನ್ನು ಮಗುವಿಗೂ ಹೇಳಿ, ಅದರಿಂದಲೇ ಅರ್ಧ ಧೈರ್ಯ ಬರುತ್ತದೆ. ಚಿತ್ರ ಇರುವ ಫೋನಿನಲ್ಲೇ ಆ ವೆಬ್‌ಸೈಟ್ ತೆಗೆದು ಚಿತ್ರವನ್ನು ಆರಿಸಬೇಕು. ಚಿತ್ರ ಫೋನು ಬಿಟ್ಟು ಹೊರಗೆ ಹೋಗುವುದಿಲ್ಲ. ಆ ಚಿತ್ರಕ್ಕೆ ಹೆಬ್ಬೆರಳಿನ ಗುರುತಿನಂಥ ಒಂದು ಉದ್ದದ ಸಂಕೇತ ತಯಾರಾಗುತ್ತದೆ, ಅದು ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಂಥ ಸೇರಿಕೊಂಡಿರುವ ಕಂಪನಿಗಳು ಆ ಗುರುತಿಗೆ ಹೊಂದುವ ಚಿತ್ರ ಕಂಡರೆ ತೆಗೆಯುತ್ತವೆ. ಯಾರೂ ಅಪ್‌ಲೋಡ್ ಮಾಡುವ ಮೊದಲೇ ಇದನ್ನು ಮಾಡಿಡಬಹುದು.

ಇದಕ್ಕೆ ಮಿತಿಯೂ ಇದೆ. ವಾಟ್ಸ್ಯಾಪ್‌ನ ಖಾಸಗಿ ಚಾಟ್ ಒಳಗೆ ಇದು ನೋಡಲಾರದು. ಚಿತ್ರವನ್ನು ಕತ್ತರಿಸಿ, ತಿದ್ದಿ ಹಾಕಿದರೆ ಗುರುತು ಹೊಂದದೇ ಹೋಗಬಹುದು. ಆಗ ಆ ಹೊಸ ರೂಪವನ್ನೂ ಮತ್ತೆ ಸೇರಿಸಬೇಕು. ಈಗ ಮಗುವಿಗೆ 18 ದಾಟಿದ್ದರೂ, ಫೋಟೋ ತೆಗೆದಾಗ 18ರೊಳಗಿದ್ದರೆ ಇದೇ ಸೇವೆ. ದೊಡ್ಡವರಾದ ಮೇಲಿನ ಚಿತ್ರಗಳಿಗೆ "ಸ್ಟಾಪ್ ಎನ್‌ಸಿಐಐ" ಅನ್ನುವ ಇನ್ನೊಂದು ಸೇವೆ ಇದೆ.

ಭಾರತದಲ್ಲಿ ಆರಂಭ್ ಇಂಡಿಯಾ ಸಂಸ್ಥೆ ಬ್ರಿಟನ್ನಿನ ಇಂಟರ್ನೆಟ್ ವಾಚ್ ಫೌಂಡೇಷನ್ ಜೊತೆ ಸೇರಿ 2016ರಿಂದ ದೂರು ಕೊಡುವ ವ್ಯವಸ್ಥೆ ನಡೆಸುತ್ತಿದೆ. ಯಾವುದಾದರೂ ವೆಬ್‌ಸೈಟಿನಲ್ಲಿ ಚಿತ್ರ ಬಂದಿದ್ದರೆ ಅದರ ಲಿಂಕನ್ನು ಅಲ್ಲಿ ಕೊಡಬಹುದು. ಆ್ಯಪ್ ಕಂಪನಿಗಳ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. 2021ರ ಐಟಿ ನಿಯಮಗಳ ಪ್ರಕಾರ ನಗ್ನ ಚಿತ್ರದ ದೂರು ಬಂದರೆ ಅದನ್ನು ತೆಗೆಯಲು ಅವರು 2 ಗಂಟೆ ಮೀರುವಂತಿಲ್ಲ. 2026ರ ಫೆಬ್ರುವರಿಯ ತಿದ್ದುಪಡಿಗೆ ಮೊದಲು ಈ ಗಡುವು 24 ಗಂಟೆ ಇತ್ತು.

ಎಐ ಬಳಸಿ ಮಾಡಿದ ನಕಲಿ ಚಿತ್ರಕ್ಕೂ ಇದೇ ಹೆಜ್ಜೆಗಳು. ಶಾಲೆಯ ಗ್ರೂಪ್ ಫೋಟೋದಿಂದ ಮುಖ ಕತ್ತರಿಸಿ ಬೇರೆ ದೇಹಕ್ಕೆ ಅಂಟಿಸುವುದು ಈಗ ಸುಲಭ. "ಅದು ಅವಳ ಫೋಟೋನೇ ಅಲ್ಲ, ಫೇಕ್, ಬಿಟ್ಟುಬಿಡಿ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪೋಕ್ಸೊ 11ನೇ ಸೆಕ್ಷನ್ ನಿಜವಾದ ಚಿತ್ರ ಮತ್ತು ಕಟ್ಟಿದ ಚಿತ್ರ ಎರಡನ್ನೂ ಹೆಸರಿಸುತ್ತದೆ.

ದೂರು ಕೊಡುವುದು

"ಪೊಲೀಸ್ ಅಂದ್ರೆ ಊರಿಗೆಲ್ಲ ಗೊತ್ತಾಗುತ್ತೆ" ಅನ್ನುವ ಭಯ ನಿಜವಾದದ್ದು. ಅದನ್ನು ತಳ್ಳಿಹಾಕುವುದಿಲ್ಲ. ಅದಕ್ಕೇ ಕಾನೂನು ಕೊಟ್ಟಿರುವ ರಕ್ಷಣೆಗಳನ್ನು ಮೊದಲೇ ತಿಳಿದುಕೊಂಡು ಹೋಗಿ.

ಎಲ್ಲಿಂದ ಶುರು ಮಾಡುವುದು? ಗೊಂದಲವಾದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ. ಮಗುವೇ ಮಾಡಬಹುದು, ನೀವೂ ಮಾಡಬಹುದು. ಅವರು ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮತ್ತು ಮಕ್ಕಳ ಕಲ್ಯಾಣ ಸಮಿತಿಗೆ ದಾರಿ ತೋರಿಸುತ್ತಾರೆ.

ಆನ್‌ಲೈನ್ ದೂರಿಗೆ ಕೇಂದ್ರ ಸರ್ಕಾರದ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್ ಇದೆ. ಮಹಿಳೆಯರು ಮತ್ತು ಮಕ್ಕಳ ಮೇಲಿನ ಅಪರಾಧಕ್ಕೆ ಅಲ್ಲಿ ಬೇರೆಯೇ ವಿಭಾಗವಿದೆ. ಮಕ್ಕಳ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ಮಾಹಿತಿ ಕೊಡಬಹುದು. ಆದರೆ ನಿಮ್ಮ ಮಗುವಿನ ವಿಷಯವಾದರೆ ಹೆಸರು ಕೊಟ್ಟೇ ದೂರು ಕೊಡಿ, ಆಗಲೇ ಮುಂದೆ ಏನಾಯಿತು ಅಂತ ನೋಡಲು ಸಾಧ್ಯ. ಒಂದು ವಿಷಯ ಗಮನವಿಡಿ. ಪೋರ್ಟಲ್ ಕೊಡುವ ದೂರಿನ ನಂಬರ್ ಎಫ್‌ಐಆರ್ ಅಲ್ಲ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಕಾದು ಕೂರುವುದು ಬೇಡ. ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ.

ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಸೆನ್ ಠಾಣೆಗಳಿವೆ, ಸೈಬರ್ ಅಪರಾಧ ನೋಡಿಕೊಳ್ಳುವ ಠಾಣೆ ಅದು. ಅಲ್ಲಿಗೇ ಹೋಗಬೇಕು ಅಂತಿಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. "ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರೆ ಝೀರೋ ಎಫ್‌ಐಆರ್ ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದಾಖಲಿಸಲು ಒಪ್ಪದಿದ್ದರೆ ಎಸ್‌ಪಿಗೆ ಬರಹದಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಕರೆ ಮಾಡಿ. ಮಕ್ಕಳಿಗೆ ಉಚಿತ ಕಾನೂನು ನೆರವು ಹಕ್ಕಾಗಿ ಸಿಗುತ್ತದೆ.

ಇನ್ನು ಮಗುವಿನ ಹೇಳಿಕೆ. ಇದರ ಬಗ್ಗೆಯೇ ಪೋಷಕರಿಗೆ ಅತಿ ಹೆಚ್ಚು ಆತಂಕ, ಅಲ್ವಾ? ಪೋಕ್ಸೊ ಕಾಯ್ದೆಯ 24ರಿಂದ 26ನೇ ಸೆಕ್ಷನ್‌ಗಳು ಹೇಳುವುದು ಇದು: ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಅವರು ಸಮವಸ್ತ್ರದಲ್ಲಿ ಇರಬಾರದು. ಅಪ್ಪ, ಅಮ್ಮ ಅಥವಾ ಮಗು ನಂಬುವ ಒಬ್ಬರು ಜೊತೆಗಿರಬಹುದು. ಆರೋಪಿಯ ಎದುರು ಮಗು ಬರಬಾರದು. ರಾತ್ರಿ ಹೊತ್ತು ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಗುವಿನ ಹೆಸರು, ಶಾಲೆ, ಊರು, ಮನೆ ಯಾವುದನ್ನೂ ಮಾಧ್ಯಮಗಳು ಬಯಲು ಮಾಡುವಂತಿಲ್ಲ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಶಾಂತವಾಗಿ, ಗೌರವದಿಂದ ಕೇಳಿ: "ಮೇಡಂ, ಹೇಳಿಕೆ ಮನೆಯಲ್ಲೇ ತಗೋಬಹುದಾ? ಮಗಳು ಠಾಣೆಗೆ ಬರೋಕೆ ಹೆದರ್ತಾಳೆ."

ಪೊಲೀಸರು ಫೋನನ್ನು ವಶಕ್ಕೆ ಪಡೆಯಬಹುದು. ಅದು ಹಿಂದೆ ಬರಲು ತಿಂಗಳುಗಳೇ ಬೇಕಾಗಬಹುದು. ಮಹಜರಿನಲ್ಲಿ ಫೋನಿನ ಮಾಡೆಲ್, ಐಎಂಇಐ ನಂಬರ್ ಬರೆಸಿ, ಪ್ರತಿ ಇಟ್ಟುಕೊಳ್ಳಿ. ಟೇಕ್ ಇಟ್ ಡೌನ್ ಕೆಲಸವನ್ನು ಫೋನ್ ಕೊಡುವ ಮೊದಲೇ ಮುಗಿಸಿ.

ಆ ಮನುಷ್ಯ ಮಗುವನ್ನು ನಿಜವಾಗಿ ಭೇಟಿಯಾಗಿದ್ದರೆ, ಮುಟ್ಟಿದ್ದರೆ, ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಫ್‌ಐಆರ್ ಇಲ್ಲದಿದ್ದರೂ ವೈದ್ಯರು ನೋಡಬೇಕು, ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಹುಡುಗಿಯಾದರೆ ಪರೀಕ್ಷೆ ಮಾಡುವವರು ವೈದ್ಯೆಯೇ ಆಗಿರಬೇಕು.

ಶಿಕ್ಷಕರಿಗೆ ಎರಡು ಮಾತು. ಇಂಥ ವಿಷಯ ನಿಮ್ಮ ಕಿವಿಗೆ ಬಿದ್ದರೆ ಪೊಲೀಸರಿಗೆ ತಿಳಿಸುವುದು 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಮುಚ್ಚಿಟ್ಟರೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಶಿಕ್ಷೆಯಾಗಬಹುದು. "ಶಾಲೆಯ ಹೆಸರು ಹಾಳಾಗುತ್ತೆ, ಒಳಗೇ ಬಗೆಹರಿಸೋಣ" ಅನ್ನುವ ಮೀಟಿಂಗ್ ಮಾಡಬೇಡಿ. ಚಿತ್ರವನ್ನು ಸ್ಟಾಫ್ ಗ್ರೂಪಿಗೆ ಹಾಕಬೇಡಿ. ಅದು ಮಕ್ಕಳ ಫೋನಿನಲ್ಲಿ ಓಡಾಡುತ್ತಿದ್ದರೆ, ಪ್ರತಿಯೊಂದು ಕ್ಲಾಸಿಗೂ ಹೋಗಿ, ಯಾರ ಹೆಸರೂ ಹೇಳದೆ, ಇಷ್ಟು ಹೇಳಿ: "ಯಾರದ್ದೇ ಇಂಥ ಫೋಟೋ ಬಂದರೆ ಮುಂದೆ ಕಳಿಸೋದು ಅಪರಾಧ. ನಿಮ್ಮ ಹತ್ತಿರ ಬಂದಿದ್ದರೆ ನನಗೆ ಬಂದು ಹೇಳಿ, ನಿಮಗೆ ಬೈಯೋದಿಲ್ಲ."

ಕಳಿಸಿದವನೂ ಅದೇ ಕ್ಲಾಸಿನ ಹುಡುಗನಾಗಿದ್ದರೆ ವಿಷಯ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅವನನ್ನು ಹೊಡೆಯುವುದು, ಫೋಟೋ ಹಾಕಿ ಮಾನ ತೆಗೆಯುವುದು ಬೇಡ. ಅವನೂ ಮಗುವೇ. ಹಾಗಂತ ನೊಂದ ಮಗುವನ್ನು ಅವನ ಜೊತೆ ಕೂರಿಸಿ "ಕ್ಷಮಿಸಿಬಿಡು" ಅನ್ನಿಸುವುದೂ ತಪ್ಪು.

ವಿದೇಶದಲ್ಲಿರುವ ಕನ್ನಡ ಕುಟುಂಬಗಳು ಅಲ್ಲಿನ ವ್ಯವಸ್ಥೆಯಲ್ಲೇ ದೂರು ಕೊಡಬೇಕು. ಅಮೆರಿಕದಲ್ಲಿ ಎನ್‌ಸಿಎಂಇಸಿಯ ಸೈಬರ್ ಟಿಪ್‌ಲೈನ್, ಬ್ರಿಟನ್ನಿನಲ್ಲಿ ಚೈಲ್ಡ್‌ಲೈನ್‌ನ ರಿಪೋರ್ಟ್ ರಿಮೂವ್.

ಕೇಸು ನಡೆಯುವಾಗ

ಎಫ್‌ಐಆರ್ ಆದ ಮೇಲೆ 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಮಾಡಬೇಕು. ಸಮಿತಿ ನಿಮ್ಮ ಮಗುವಿಗೆ ಒಬ್ಬ ಸಹಾಯಕ ವ್ಯಕ್ತಿಯನ್ನು ಕೊಡಬಹುದು. ಇಂಗ್ಲಿಷಿನಲ್ಲಿ ಇವರನ್ನು ಸಪೋರ್ಟ್ ಪರ್ಸನ್ ಅನ್ನುತ್ತಾರೆ. ತನಿಖೆಯಿಂದ ತೀರ್ಪಿನವರೆಗೆ ಜೊತೆಗಿರುವವರು ಇವರು. ಕೋರ್ಟಿಗೆ ಯಾವಾಗ ಹೋಗಬೇಕು, ಅಲ್ಲಿ ಏನು ಕೇಳುತ್ತಾರೆ, ಕೌನ್ಸೆಲಿಂಗ್ ಎಲ್ಲಿ ಸಿಗುತ್ತದೆ ಎಲ್ಲ ಹೇಳಿಕೊಡುತ್ತಾರೆ. ಅನೇಕ ಪೋಷಕರಿಗೆ ಇಂಥವರು ಇದ್ದಾರೆ ಅಂತಲೇ ಗೊತ್ತಿರುವುದಿಲ್ಲ. ಸಮಿತಿಯನ್ನು ನೀವೇ ಕೇಳಿ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಈ ಕೆಲಸದಲ್ಲಿ ವರ್ಷಗಳ ಅನುಭವ ಇರುವಂಥದ್ದು.

ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ಬಾಗಿಲು ಮುಚ್ಚಿ ನಡೆಯುತ್ತದೆ. ಮಗು ಆರೋಪಿಯನ್ನು ನೋಡದ ಹಾಗೆ ಪರದೆ ಅಥವಾ ವಿಡಿಯೋ ವ್ಯವಸ್ಥೆ ಇರಬೇಕು. ವಕೀಲರು ನೇರವಾಗಿ ಮಗುವನ್ನು ಕೇಳುವಂತಿಲ್ಲ, ನ್ಯಾಯಾಧೀಶರ ಮೂಲಕ ಕೇಳಬೇಕು. ಮಗು ದಣಿದರೆ ಬಿಡುವು ಕೇಳಬಹುದು. ಒಂದು ವರ್ಷದೊಳಗೆ ಮುಗಿಯಬೇಕು ಅಂತ ಕಾಯ್ದೆ ಹೇಳಿದರೂ ಎಷ್ಟೋ ಕೇಸುಗಳು ಅದಕ್ಕಿಂತ ಉದ್ದ ಎಳೆಯುತ್ತವೆ. ಮಗುವಿಗೆ ಸುಳ್ಳು ಗಡುವು ಹೇಳಬೇಡಿ. ತೀರ್ಪು ಬರುವ ಮೊದಲೇ ಮಧ್ಯಂತರ ಪರಿಹಾರ ಕೇಳಬಹುದು. ಚಿಕಿತ್ಸೆ, ಓದು, ಓಡಾಟಕ್ಕೆ ಆ ಹಣ ನೆರವಾಗುತ್ತದೆ.

ಮನೆಯಲ್ಲಿ, ತಿಂಗಳುಗಳ ಕಾಲ

ಪೊಲೀಸರ ಕೆಲಸ ಪೊಲೀಸರದ್ದು. ಮಗು ಮತ್ತೆ ಸರಿಯಾಗಿ ನಿದ್ದೆ ಮಾಡುವುದು, ಊಟ ಮಾಡುವುದು, ಶಾಲೆಗೆ ಹೋಗುವುದು ಮನೆಯ ಕೆಲಸ.

ಫೋನ್ ಕಿತ್ತುಕೊಂಡು ಬೀರುವಿನಲ್ಲಿ ಇಡಬೇಡಿ. ಮಗುವಿಗೆ ಅದು ಶಿಕ್ಷೆಯಾಗಿ ಕಾಣುತ್ತದೆ. "ಹೇಳಿದ್ದಕ್ಕೆ ಫೋನ್ ಹೋಯ್ತು, ಮುಂದಿನ ಸಲ ಹೇಳಲ್ಲ" ಅಂತ ಕಲಿಯುತ್ತದೆ. ಕೆಲವು ದಿನ ನೀವಿಬ್ಬರೂ ಸೇರಿ ಫೋನ್ ನೋಡುವ ವ್ಯವಸ್ಥೆ ಮಾಡಿಕೊಳ್ಳಿ. ನಿಯಮಗಳನ್ನು ಮಗುವಿನ ಜೊತೆ ಮಾತಾಡಿ ಬರೆಯಿರಿ.

ಹುಡುಗಿಯ ವಿಷಯದಲ್ಲಿ ನಮ್ಮ ಕಡೆ ಇನ್ನೊಂದು ಅನ್ಯಾಯ ನಡೆಯುತ್ತದೆ. ಶಾಲೆ ಬಿಡಿಸುತ್ತಾರೆ, ಅಜ್ಜಿ ಊರಿಗೆ ಕಳಿಸುತ್ತಾರೆ, "ಬೇಗ ಒಂದು ಮದುವೆ ಮಾಡಿಬಿಡೋಣ" ಅನ್ನುತ್ತಾರೆ. ಅಪರಾಧ ಮಾಡಿದವನು ಆರಾಮವಾಗಿ ಓಡಾಡಿಕೊಂಡಿರುತ್ತಾನೆ, ಜೈಲಿನಂಥ ಬದುಕು ಇವಳಿಗೆ. ಇದನ್ನು ದಯವಿಟ್ಟು ಮಾಡಬೇಡಿ. ಮನೆಯ ಹಿರಿಯರು ಹೇಳಿದರೂ ಅಮ್ಮನೋ ಅತ್ತೆಯೋ ಒಬ್ಬರು ಗಟ್ಟಿಯಾಗಿ ನಿಂತು "ಅವಳು ಓದ್ತಾಳೆ" ಅನ್ನಬೇಕು. ಹುಡುಗನ ವಿಷಯದಲ್ಲಿ ಅನ್ಯಾಯ ಬೇರೆ ರೀತಿ. "ಗಂಡು ಹುಡುಗ, ಇದಕ್ಕೆಲ್ಲ ಅಳ್ತಾರಾ?" ಅವನಿಗೂ ಅಳಲು ಬಿಡಿ. ಹುಡುಗರು ಹೇಳಿಕೊಳ್ಳುವುದು ಕಷ್ಟ ಅನ್ನುವ ಕಾರಣಕ್ಕೇ ದುಡ್ಡು ಕೀಳುವ ಗ್ಯಾಂಗುಗಳು ಅವರನ್ನು ಹುಡುಕಿ ಬರುತ್ತವೆ.

ಎರಡು ಮೂರು ವಾರ ಕಳೆದರೂ ಕೆಟ್ಟ ಕನಸು, ಬೆಚ್ಚಿ ಬೀಳುವುದು, ಫೋನ್ ಶಬ್ದಕ್ಕೆ ನಡುಗುವುದು, ಕನ್ನಡಿ ನೋಡಲು ಹಿಂಜರಿಯುವುದು ನಿಲ್ಲದಿದ್ದರೆ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. ಮಗುವಿಗೆ ಒಬ್ಬ ಕೌನ್ಸೆಲರ್ ಹಿಡಿಸದಿದ್ದರೆ ಇನ್ನೊಬ್ಬರನ್ನು ನೋಡಿ.

ಎಷ್ಟೋ ಮಕ್ಕಳು ಹೇಳುವ ಭಯ ಒಂದೇ. "ಆ ಫೋಟೋ ಇನ್ನೂ ಎಲ್ಲೋ ಇದೆ." ಅದಕ್ಕೆ "ಇಲ್ಲ ಬಿಡು" ಅಂತ ಸುಳ್ಳು ಹೇಳಬೇಡಿ. "ಇದ್ದರೂ ಇರಬಹುದು. ಮತ್ತೆ ಬಂದರೆ ಏನು ಮಾಡಬೇಕು ಅಂತ ನಮಗೀಗ ಗೊತ್ತು. ಮತ್ತೆ ತೆಗೆಸೋಣ" ಅನ್ನಿ. ಯಾರಾದರೂ ಕೇಳಿದರೆ ಹೇಳಲು ಒಂದು ಚಿಕ್ಕ ಉತ್ತರವನ್ನೂ ಮಗುವಿಗೆ ಅಭ್ಯಾಸ ಮಾಡಿಸಿ. "ಅದರ ಬಗ್ಗೆ ಮಾತಾಡೋಕೆ ನನಗಿಷ್ಟ ಇಲ್ಲ." ಇಷ್ಟು ಸಾಕು. ನೆಂಟರಿಗೆ ಉತ್ತರ ಕೊಡುವುದು ನಿಮ್ಮ ಜವಾಬ್ದಾರಿ, ಮಗುವಿನದ್ದಲ್ಲ.

ನಿಮ್ಮನ್ನೂ ನೋಡಿಕೊಳ್ಳಿ. "ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ" ಅನ್ನುವ ಕೊರಗು ಅಪ್ಪ ಅಮ್ಮಂದಿರನ್ನು ಒಳಗೊಳಗೇ ತಿನ್ನುತ್ತದೆ. 14416 ನಿಮಗೂ ಇದೆ.

ಇನ್ನೂ ಏನೂ ಆಗಿಲ್ಲದ ಮನೆಗಳಲ್ಲಿ

ಚಿಕ್ಕ ಮಕ್ಕಳಿಂದಲೇ ಶುರು ಮಾಡಿ. ದೇಹದ ಎಲ್ಲ ಭಾಗಗಳಿಗೂ ಹೆಸರು ಹೇಳಿಕೊಡಿ, "ಶೇಮ್ ಶೇಮ್" ಅನ್ನುವುದನ್ನು ಬಿಡಿ. ಹೆಸರೇ ಗೊತ್ತಿಲ್ಲದ ಜಾಗದ ಬಗ್ಗೆ ಮಗು ದೂರು ಹೇಗೆ ಹೇಳೀತು? ಇನ್ನೊಂದು ಸರಳ ಪಾಠ ಗುಟ್ಟಿನದ್ದು. ಅಜ್ಜಿಯ ಹುಟ್ಟುಹಬ್ಬಕ್ಕೆ ಸೀರೆ ತಂದಿದ್ದೇವೆ ಅನ್ನುವುದು ಖುಷಿಯ ಗುಟ್ಟು, ಒಂದು ದಿನ ಎಲ್ಲರಿಗೂ ಗೊತ್ತಾಗುವಂಥದ್ದು. "ಅಮ್ಮನಿಗೆ ಯಾವತ್ತೂ ಹೇಳಬೇಡ" ಅನ್ನುವ ಗುಟ್ಟು ಬೇರೆ. ಅಂಥದ್ದನ್ನು ಹೇಳಿಯೇ ಬಿಡಬೇಕು ಅಂತ ಕಲಿಸಿ.

ಹತ್ತು ಹನ್ನೆರಡು ವರ್ಷಕ್ಕೆ ಗೇಮ್ ಶುರುವಾಗುತ್ತದೆ. ಬಲೆ ಬೀಸುವವರ ನಡೆ ಹೆಚ್ಚು ಕಮ್ಮಿ ಒಂದೇ ತರಹ ಇರುತ್ತದೆ, ಅದನ್ನು ಕಥೆಯ ಹಾಗೆ ಮಗುವಿಗೆ ಹೇಳಿ. ಮೊದಲು ಗೇಮ್‌ನಲ್ಲಿ ಗೆಲ್ಲಿಸುತ್ತಾನೆ. ಡೈಮಂಡ್ಸ್ ಅಥವಾ ರೀಚಾರ್ಜ್ ಕೊಡಿಸುತ್ತಾನೆ. ಆಮೇಲೆ "ವಾಟ್ಸ್ಯಾಪ್‌ಗೆ ಬಾ" ಅನ್ನುತ್ತಾನೆ. "ನಿಮ್ಮನೇಲಿ ನಿನ್ನ ಅರ್ಥ ಮಾಡ್ಕೊಳ್ಳಲ್ಲ ಅಲ್ವಾ?" ಅನ್ನುತ್ತಾನೆ. ಒಂದು ಸೆಲ್ಫಿ ಕೇಳುತ್ತಾನೆ. ಆಮೇಲೆ ಬೇರೆ ತರಹದ್ದು. ಈ ಮೆಟ್ಟಿಲುಗಳು ಗೊತ್ತಿದ್ದ ಮಗು ಎರಡನೇ ಮೆಟ್ಟಿಲಿನಲ್ಲೇ ಗುರುತು ಹಿಡಿಯುತ್ತದೆ. ಬಲೆ ಬೀಸುವವನು ಅಪರಿಚಿತನೇ ಆಗಿರಬೇಕಿಲ್ಲ ಅನ್ನುವುದನ್ನೂ ಸೇರಿಸಿ. ಟ್ಯೂಷನ್ ಸರ್ ಆಗಿರಬಹುದು, ದೊಡ್ಡ ಕ್ಲಾಸಿನ ಅಣ್ಣ ಆಗಿರಬಹುದು, ನೆಂಟರೇ ಆಗಿರಬಹುದು.

ಹದಿಹರೆಯದವರ ಜೊತೆ ಭಾಷಣ ಬೇಡ. ಬಸ್ಸಿನಲ್ಲಿ ಹೋಗುವಾಗ, ಅಡುಗೆ ಮಾಡುವಾಗ, ಪೇಪರಿನಲ್ಲಿ ಬಂದ ಸುದ್ದಿ ಹಿಡಿದು ಕೇಳಿ: "ಹೀಗೆ ನಿನ್ನ ಫ್ರೆಂಡಿಗೆ ಆದರೆ ಏನು ಮಾಡ್ತೀಯಾ?" ಫ್ರೆಂಡಿನ ಹೆಸರಲ್ಲಿ ಮಕ್ಕಳು ತಮ್ಮ ಮಾತು ಹೇಳುತ್ತಾರೆ. ನಿಮ್ಮ ಉತ್ತರವನ್ನು ಅವರು ಅಳೆಯುತ್ತಿರುತ್ತಾರೆ ಅನ್ನುವುದು ನೆನಪಿರಲಿ. "ಅಂಥ ಹುಡುಗೀನ ಮನೆಯಿಂದ ಆಚೆ ಹಾಕಬೇಕು" ಅಂತ ಟಿವಿ ನೋಡುತ್ತಾ ನೀವು ಅಂದ ಒಂದು ಮಾತು, ಮುಂದೆ ನಿಮ್ಮ ಮಗಳ ಬಾಯಿ ಮುಚ್ಚಿಸಬಹುದು.

ಫೋನಿನ ಸೆಟ್ಟಿಂಗ್ ಕೆಲಸ ಅರ್ಧ ಗಂಟೆಯದ್ದು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ, ಕದ್ದು ಮಾಡಬೇಡಿ. ಇನ್‌ಸ್ಟಾಗ್ರಾಮ್‌ನಲ್ಲಿ ನಿಜವಾದ ಹುಟ್ಟಿದ ವರ್ಷ ಹಾಕಿ, ಆಗ ಟೀನ್ ಅಕೌಂಟಿನ ರಕ್ಷಣೆ ಸಿಗುತ್ತದೆ. ಫಾಲೋವರ್ಸ್ ಮತ್ತು ಫಾಲೋಯಿಂಗ್ ಪಟ್ಟಿ ಎಲ್ಲರಿಗೂ ಕಾಣಬಾರದು, ಏಕೆಂದರೆ ಹೆದರಿಸುವವನು ಹಿಡಿಯುವುದು ಆ ಪಟ್ಟಿಯನ್ನೇ. ವಾಟ್ಸ್ಯಾಪ್‌ನಲ್ಲಿ ಗ್ರೂಪಿಗೆ ಸೇರಿಸುವ ಅವಕಾಶ, ಡಿಪಿ ನೋಡುವ ಅವಕಾಶ ಎರಡನ್ನೂ ಪರಿಚಿತ ನಂಬರುಗಳಿಗೆ ಮಾತ್ರ ಇಡಿ. ಸ್ನ್ಯಾಪ್‌ಚಾಟ್‌ನಲ್ಲಿ ಲೊಕೇಶನ್ ಮುಚ್ಚಿ. ಚಿಕ್ಕವರಿಗೆ ಗೂಗಲ್ ಫ್ಯಾಮಿಲಿ ಲಿಂಕ್ ಹಾಕಬಹುದು. ರಾತ್ರಿ ಎಲ್ಲರ ಫೋನೂ, ನಿಮ್ಮದೂ ಸೇರಿ, ಹಾಲ್‌ನಲ್ಲಿ ಚಾರ್ಜಿಗೆ ಇರಲಿ. ಸ್ನಾನ ಮಾಡಿಸುವ ಮಗುವಿನ ಫೋಟೋವನ್ನು, ಯೂನಿಫಾರ್ಮಿನಲ್ಲಿ ಶಾಲೆಯ ಹೆಸರು ಕಾಣುವ ಫೋಟೋವನ್ನು ನೀವೇ ಸ್ಟೇಟಸ್‌ಗೆ ಹಾಕುವುದನ್ನೂ ನಿಲ್ಲಿಸಿ.

ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆ ಇದೆಯಲ್ಲ, ಅಲ್ಲಿ ರಸ್ತೆ, ಶೌಚಾಲಯದ ಜೊತೆ ಈ ವಿಷಯವನ್ನೂ ಎತ್ತಿ. 1098 ನಂಬರನ್ನು ಶಾಲೆಯ ಗೋಡೆಯ ಮೇಲೆ ಬರೆಸುವಂತೆ ಅಲ್ಲೇ ಕೇಳಬಹುದು.

ಕೊನೆಯದಾಗಿ ಒಂದು ಕೆಲಸ, ಇದಕ್ಕೆ ಖರ್ಚಿಲ್ಲ. ಎಷ್ಟೇ ಒಳ್ಳೆಯ ಅಪ್ಪ ಅಮ್ಮನಾದರೂ ಕೆಲವು ಮಾತು ಮಕ್ಕಳು ನಮಗೆ ಹೇಳಲಾರರು. ಹಾಗಾಗಿ ಮಗುವಿನ ಜೊತೆ ಕೂತು ಎರಡನೆಯ ಒಬ್ಬರನ್ನು ಆರಿಸಿ. ಚಿಕ್ಕಮ್ಮ, ಸೋದರಮಾವ, ಪಿಟಿ ಮೇಡಂ, ಪಕ್ಕದ ಮನೆಯ ಅಕ್ಕ, ಯಾರಾದರೂ ಸರಿ, ಆದರೆ ಮಗುವೇ ಆರಿಸಬೇಕು. ಆ ವ್ಯಕ್ತಿಗೆ ಫೋನ್ ಮಾಡಿ, "ಇವಳು ಯಾವ ಹೊತ್ತಿನಲ್ಲಿ ಏನೇ ಹೇಳಿಕೊಂಡು ಬಂದರೂ ಬೈಯದೆ ಕೇಳಿಸಿಕೊಳ್ಳಿ" ಅಂತ ಮಗುವಿನ ಎದುರಿಗೇ ಹೇಳಿ. ಆ ನಂಬರನ್ನು ಮಗುವಿಗೆ ಬಾಯಿಪಾಠ ಮಾಡಿಸಿ.